ಸಹಿ ಹಾಕೋ ಮುಂಚೆ: ಗಡಿಯಲ್ಲಿ ಕಾಗದ ಹೇಗೆ ನಡೆಯುತ್ತದೆ

ಹೋದ ತಿಂಗಳು ಕಲಬುರಗಿಯಲ್ಲಿ ಒಂದು ಸಂಜೆ, ಹೊರದೇಶಕ್ಕೆ ಓದಲು, ದುಡಿಯಲು ಹೋಗುವವರಿಗೂ ಅವರ ಮನೆಯವರಿಗೂ ನಾಲ್ಕು ಮಾತು ಹೇಳಿ ಅಂತ ಗೆಳೆಯರು ಕರೆದಿದ್ದರು. ಒಂದು ಗಂಟೆ ಅಂದುಕೊಂಡಿದ್ದು ಎರಡೂವರೆ ಗಂಟೆ ಆಯಿತು. ಇದನ್ನು ಬರೆದು ಕೊಡಿ, ಮನೆಯಲ್ಲಿ ಓದಿಸಬೇಕು ಅಂತ ಹಲವರು ಕೇಳಿದರು. ಅದಕ್ಕೇ ಬರೆದಿದ್ದೇನೆ. ಮಾತಾಡಿದ ಹಾಗೇ ಇದೆ. ಅಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಒಂದು ಕಾಗದದಿಂದ ಶುರು ಮಾಡುತ್ತೇನೆ.

ನಾನು ವಕೀಲ. ನನ್ನ ಹತ್ತಿರ ಬರುವುದು ಜಾಸ್ತಿ ಜಮೀನು ಕೇಸು, ಪಾಲಿನ ಕೇಸು. ಎರಡು ವರ್ಷದ ಹಿಂದೆ ಒಬ್ಬ ತೊಗರಿ ಬೆಳೆಯುವ ರೈತರು ಮಗನನ್ನು ಕರೆದುಕೊಂಡು ಆಫೀಸಿಗೆ ಬಂದರು. ಊರು ಯಾವುದು ಅಂತ ಹೇಳುವುದಿಲ್ಲ, ಹುಡುಗನ ಗುರುತು ಸಿಗಬಾರದು. ಅವನು ಅಮೆರಿಕಕ್ಕೆ ಎಂಎಸ್ ಓದಲು ಹೋದವನು. ಅಲ್ಲಿ ಇಳಿದ ವಿಮಾನ ನಿಲ್ದಾಣದಿಂದಲೇ ವಾಪಸ್ ಬಂದಿದ್ದ. ಅಪ್ಪ ಮಾತಾಡುತ್ತಿದ್ದರು, ಮಗ ನೆಲ ನೋಡುತ್ತಾ ಕೂತಿದ್ದ. "ಸಾಹೇಬ್ರ, ಇದರಾಗ ಏನ್ ಬರದಾರ ನೋಡ್ರಿ" ಅಂತ ಒಂದು ಕಟ್ಟು ಕಾಗದ ಮೇಜಿನ ಮೇಲೆ ಇಟ್ಟರು. ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿ ಇಟ್ಟುಕೊಂಡು ಓಡಾಡಿದ ಕಾಗದ, ಮಡಿಕೆ ಬಿದ್ದ ಕಡೆ ಅಕ್ಷರ ಅಳಿಸಿತ್ತು. ಮೇಲಿಂದ ಕೆಳಗೆ ಬರೀ ಪ್ರಶ್ನೆ, ಉತ್ತರ, ಪ್ರಶ್ನೆ, ಉತ್ತರ. ಪ್ರತಿ ಪುಟದ ಕೆಳಗೆ ಆ ಹುಡುಗನ ಹೆಸರಿನ ಮೊದಲಕ್ಷರಗಳು, ನೀಲಿ ಶಾಯಿಯಲ್ಲಿ. ಕೊನೆಯ ಪುಟದಲ್ಲಿ ಪೂರ್ತಿ ಸಹಿ.

"ಇದನ್ನ ಓದಿ ಸಹಿ ಹಾಕಿದೆಯಾ?" ಅಂತ ಕೇಳಿದೆ. "ಇಲ್ರಿ ಸರ್. ಹದಿನೆಂಟು ತಾಸು ವಿಮಾನದಾಗ ಕುಂತು ಬಂದಿದ್ದೆ. ಹಾಕು ಅಂದ್ರು, ಹಾಕಿದೆ."

ಆ ಕಾಗದ ಏನು ಅಂತ ಹೇಳುತ್ತೇನೆ. ಅದು ಪ್ರಮಾಣ ಮಾಡಿಸಿ ತೆಗೆದುಕೊಂಡ ಹೇಳಿಕೆ. ದೇಶದ ಬಾಗಿಲಲ್ಲಿ ನಿಂತವರನ್ನು ಕೋರ್ಟಿಗೆ ಕಳಿಸದೆ, ಅಧಿಕಾರಿಯ ಆದೇಶದಿಂದಲೇ ವಾಪಸ್ ಕಳಿಸುವ ಒಂದು ದಾರಿ ಅಮೆರಿಕದಲ್ಲಿದೆ. 1996ರ ಕಾನೂನಿನಲ್ಲಿ ಬಂದದ್ದು. ತ್ವರಿತ ತೆರವು ಅಂತ ಕರೆಯೋಣ. ಆ ದಾರಿಯಲ್ಲಿ ಅಧಿಕಾರಿ ಏನೇನು ಮಾಡಬೇಕು ಅಂತ ನಿಯಮ ಬರೆದಿಟ್ಟಿದ್ದಾರೆ. ನಿನ್ನ ಮೇಲೆ ಇರುವ ಆರೋಪ ಏನು ಅಂತ ಹೇಳಬೇಕು. ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಬೇಕು. ಭಾಷೆ ಬರದಿದ್ದರೆ ದುಭಾಷಿ ಕೊಡಬೇಕು. ಬರೆದದ್ದನ್ನು ಆ ಮನುಷ್ಯ ಓದಬೇಕು, ಇಲ್ಲವೇ ಅವನಿಗೆ ಓದಿ ಹೇಳಬೇಕು. ಆಮೇಲೆ ಪ್ರತಿ ಪುಟಕ್ಕೂ, ಎಲ್ಲಾದರೂ ತಿದ್ದಿದ್ದರೆ ಆ ತಿದ್ದುಪಡಿಗೂ ಅವನ ಕೈಬರಹದ ಗುರುತು ಬೇಕು. ಕೊನೆಗೆ ಮೇಲಧಿಕಾರಿ ಒಬ್ಬರು ನೋಡಿ ಒಪ್ಪಿದ ಮೇಲೇ ಆದೇಶ ಜಾರಿ ಆಗುವುದು. ಅಂದರೆ ಆ ಪುಟದ ಕೆಳಗಿನ ಎರಡು ಅಕ್ಷರಕ್ಕೆ ಅರ್ಥ ಇದು: ನಾನು ಇದನ್ನು ಓದಿದೆ, ಇದು ನಾನು ಹೇಳಿದ್ದೇ. ಹುಡುಗ ಬರೆದುಕೊಟ್ಟಿದ್ದು ಅದನ್ನು.

ಅಧಿಕಾರಿ ತಪ್ಪು ಮಾಡಿದ ಅಂತ ನಾನು ಹೇಳುತ್ತಿಲ್ಲ. ಕಾಗದ ನೋಡಿದರೆ ಎಲ್ಲಾ ಸರಿಯಾಗಿಯೇ ನಡೆದ ಹಾಗೆ ಕಾಣುತ್ತದೆ. ಹುಡುಗನ ಫೋನಿನಲ್ಲಿ, ಬಂದ ಮೇಲೆ ಅಂಗಡಿಯಲ್ಲಿ ಕೆಲಸಕ್ಕೆ ಸೇರುವ ಮಾತುಕತೆ ಸಿಕ್ಕಿತ್ತು. ವಿದ್ಯಾರ್ಥಿ ವೀಸಾದವರು ಕ್ಯಾಂಪಸ್ ಹೊರಗೆ ಅನುಮತಿ ಇಲ್ಲದೆ ದುಡಿಯುವ ಹಾಗಿಲ್ಲ. "ಎಲ್ಲಾರೂ ಮಾಡ್ತಾರ, ಏನೂ ಆಗಲ್ಲ" ಅಂತ ಅವನಿಗೆ ಹೇಳಿಕೊಟ್ಟಿದ್ದವರು ಇಲ್ಲಿಯ ಒಬ್ಬ ಏಜೆಂಟರು. ನನಗೆ ಕರುಳು ಚುರುಕ್ ಅಂದದ್ದು ಬೇರೆ ಕಡೆ. ಆ ಹೇಳಿಕೆಯ ಕೊನೆಯಲ್ಲಿ ಕೆಲವು ಪ್ರಶ್ನೆ ಇರುತ್ತವೆ, ಎಲ್ಲರಿಗೂ ಕೇಳಲೇಬೇಕಾದವು. ನಿನ್ನ ದೇಶ ಯಾಕೆ ಬಿಟ್ಟು ಬಂದೆ? ವಾಪಸ್ ಹೋಗಲು ನಿನಗೆ ಭಯ ಇದೆಯಾ? ಹೋದರೆ ನಿನಗೆ ತೊಂದರೆ ಆಗುತ್ತದಾ? ಕಟ್ಟಕಡೆಯದು: ನಿನಗೆ ಏನಾದರೂ ಕೇಳುವುದಿದೆಯಾ, ಇನ್ನೇನಾದರೂ ಸೇರಿಸುವುದಿದೆಯಾ?

ಅದರ ಮುಂದೆ "ಇಲ್ಲ" ಅಂತ ಇತ್ತು.

ಅಷ್ಟು ಹೊತ್ತಿನ ವಿಚಾರಣೆಯಲ್ಲಿ ಅವನ ಪಾಲಿಗೆ ಬಾಗಿಲು ತೆರೆದಿದ್ದು ಆ ಒಂದು ಪ್ರಶ್ನೆಯಲ್ಲಿ. ಅಲ್ಲಿ ಅವನು ಒಂದು ಮಾತು ಕೇಳಬಹುದಿತ್ತು. "ಒಳಗೆ ಬಿಡಿ ಅನ್ನುವ ನನ್ನ ಅರ್ಜಿ ನಾನೇ ಹಿಂದಕ್ಕೆ ತೆಗೆದುಕೊಂಡು ವಾಪಸ್ ಹೋಗಲು ಅವಕಾಶ ಕೊಡ್ತೀರಾ?" ಇದಕ್ಕೆ ಬೇರೆಯೇ ಫಾರಂ ಇದೆ, ಐ-275 ಅಂತ. ತೆರವಿನ ಆದೇಶ ಆದರೆ ಅದರ ಫಾರಂ ಐ-860. ಎರಡರಲ್ಲೂ ಅದೇ ದಿನ, ಅದೇ ಥರ ವಿಮಾನ ಹತ್ತಿ ಊರಿಗೆ ಬರುತ್ತೀರಿ. ವ್ಯತ್ಯಾಸ ಆಮೇಲೆ ಗೊತ್ತಾಗುತ್ತದೆ. ತೆರವಿನ ಆದೇಶ ಆದರೆ ಸಾಮಾನ್ಯವಾಗಿ ಐದು ವರ್ಷ ಆ ದೇಶಕ್ಕೆ ಕಾಲಿಡುವ ಹಾಗಿಲ್ಲ. ಅರ್ಜಿ ಹಿಂದಕ್ಕೆ ತೆಗೆದುಕೊಂಡವರಿಗೆ ಆ ಐದು ವರ್ಷದ ತಡೆ ಇಲ್ಲ. ಕೇಳಿದವರಿಗೆಲ್ಲ ಕೊಡಲೇಬೇಕು ಅಂತ ಇಲ್ಲ, ಅದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದರೆ ಕೇಳಬೇಕಾದರೆ ಅಂಥದ್ದೊಂದು ಇದೆ ಅಂತ ಗೊತ್ತಿರಬೇಕಲ್ವಾ. ಆ ಹುಡುಗನಿಗೆ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. ಅವರು ಹೋದ ಮೇಲೆ ನಾನು ಓದಲು ಶುರು ಮಾಡಿದೆ. ಈ ಮಾತೆಲ್ಲ ಅಲ್ಲಿಂದ ಬಂದದ್ದು.

ಗಡಿ, ನಾಕೆ, ತಪಾಸಣೆ ಇವು ನಮ್ಮ ಭಾಗಕ್ಕೆ ಹೊಸ ಮಾತಲ್ಲ. 1948ರ ಸೆಪ್ಟೆಂಬರ್ 17ರ ತನಕ ನಾವು ನಿಜಾಮರ ರಾಜ್ಯದಲ್ಲಿದ್ದೆವು. ಸೊಲ್ಲಾಪುರ ಬ್ರಿಟಿಷರ ಕಡೆ, ಆಳಂದ ನಿಜಾಮರ ಕಡೆ. ನಡುವೆ ಕರೋಡಗಿರಿ ನಾಕೆ ಇರುತ್ತಿತ್ತು, ಸರಕಿಗೆ ಸುಂಕ ಕಟ್ಟಬೇಕಿತ್ತು. ನಮ್ಮ ಅಜ್ಜ ಬಟ್ಟೆ ವ್ಯಾಪಾರಕ್ಕೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗಿ ಬರುತ್ತಿದ್ದರು. ನಾಕೆಯ ಗುಮಾಸ್ತ ಉರ್ದುವಿನಲ್ಲಿ ಚೀಟಿ ಬರೆದುಕೊಟ್ಟರೆ ಅಜ್ಜ ಅದನ್ನು ಹಾಗೇ ಜೇಬಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವರಿಗೆ ಉರ್ದು ಓದಲು ಬರುತ್ತಿರಲಿಲ್ಲ. ಅಲ್ಲೇ ಚಹಾದ ಅಂಗಡಿಯಲ್ಲಿ ಓದು ಬಲ್ಲ ಯಾರನ್ನಾದರೂ ಹಿಡಿದು ಓದಿಸಿಕೊಂಡು, ಎಷ್ಟು ಥಾನು ಬರೆದಿದ್ದಾನೆ, ಎಷ್ಟು ಸುಂಕ ಬರೆದಿದ್ದಾನೆ ಅಂತ ತಿಳಿದುಕೊಂಡೇ ಎತ್ತು ಹೂಡುತ್ತಿದ್ದರಂತೆ. ನಮ್ಮಪ್ಪ ಇದನ್ನು ನೂರು ಸಲ ಹೇಳಿದ್ದಾರೆ. ರಹದಾರಿ, ಅಂದರೆ ದಾರಿಯ ಪರವಾನಗಿ, ಅನ್ನುವ ಮಾತು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇದೆ.

ಈಗ ಯಾರು ಯಾರು ಅಂತ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಎಲ್ಲರನ್ನೂ "ಇಮಿಗ್ರೇಷನ್ನವರು" ಅಂದುಬಿಡುತ್ತೇವೆ. ಅಮೆರಿಕದಲ್ಲಿ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತವರು ನೀಲಿ ಸಮವಸ್ತ್ರದವರು. ಎರಡು ನಾಕೆಗಳ ನಡುವಿನ ಮರುಭೂಮಿ, ಹೊಳೆ, ಕಾಡು ಕಾಯುವ ಗಡಿ ಗಸ್ತಿನವರು ಹಸಿರು ಸಮವಸ್ತ್ರದವರು. ಇಬ್ಬರೂ ಒಂದೇ ಇಲಾಖೆ, ಕೆಲಸ ಬೇರೆ. ಊರೊಳಗೆ ಬಂದು ಹಿಡಿಯುವವರು ಐಸ್ ಅಂತ ಸುದ್ದಿಯಲ್ಲಿ ಕೇಳುತ್ತೀರಲ್ಲ, ಅದು ಇನ್ನೊಂದು ಸಂಸ್ಥೆ. ನಮ್ಮಲ್ಲಿ ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತುವುದು ಬ್ಯೂರೋ ಆಫ್ ಇಮಿಗ್ರೇಷನ್. ಪಾಕಿಸ್ತಾನ, ಬಾಂಗ್ಲಾದೇಶದ ಗಡಿ ಕಾಯುವುದು ಬಿಎಸ್ಎಫ್, 1965ರಲ್ಲಿ ಶುರುವಾದದ್ದು. ನೇಪಾಳ, ಭೂತಾನ್ ಕಡೆ ಎಸ್ಎಸ್‌ಬಿ. ಚೀನಾ ಕಡೆ ಐಟಿಬಿಪಿ. ಮ್ಯಾನ್ಮಾರ್ ಕಡೆ ಅಸ್ಸಾಂ ರೈಫಲ್ಸ್. ಜಿಲ್ಲೆಯ ಮಟ್ಟದಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದರೆ ಸಾಮಾನ್ಯವಾಗಿ ನಮ್ಮ ಎಸ್‌ಪಿ ಸಾಹೇಬರೇ.

ಇವರೆಲ್ಲರ ಕೆಲಸದ ರೀತಿಯಲ್ಲಿ ಒಂದು ಸಂಗತಿ ಗಮನಿಸಿ. ಹಿಡಿಯುವ ಕೈ ಒಂದು, ತೀರ್ಮಾನ ಮಾಡುವ ಕೈ ಇನ್ನೊಂದು ಇರಬೇಕು ಅಂತ ನಿಯಮ ಮಾಡಿದವರು ಯೋಚಿಸಿದ್ದಾರೆ. ಬಿಎಸ್ಎಫ್ ಜವಾನರು ಗಡಿಯಲ್ಲಿ ಯಾರನ್ನಾದರೂ ಹಿಡಿದರೆ ತಾವೇ ಕೇಸು ನಡೆಸುವುದಿಲ್ಲ. ಹಿಡಿದವರನ್ನೂ ಸಿಕ್ಕ ಸಾಮಾನನ್ನೂ ಪಟ್ಟಿ ಮಾಡಿ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು. 2021ರ ಅಕ್ಟೋಬರ್‌ನಲ್ಲಿ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂನಲ್ಲಿ ಅವರ ಅಧಿಕಾರದ ವ್ಯಾಪ್ತಿಯನ್ನು ಗಡಿಯಿಂದ 50 ಕಿಲೋಮೀಟರ್‌ಗೆ ಹೆಚ್ಚಿಸಿದರು, ಗುಜರಾತ್‌ನಲ್ಲಿ 80 ಇದ್ದದ್ದನ್ನು 50ಕ್ಕೆ ಇಳಿಸಿದರು. ಆಗ ತುಂಬಾ ಗಲಾಟೆ ಆಯಿತು. ವ್ಯಾಪ್ತಿ ಬದಲಾದರೂ ಠಾಣೆಗೆ ಒಪ್ಪಿಸುವ ನಿಯಮ ಹಾಗೇ ಉಳಿಯಿತು. ದಾರಿ ತಪ್ಪಿ ಗಡಿ ದಾಟಿ ಬಂದವರನ್ನು ಎಷ್ಟೋ ಸಲ ಎರಡೂ ಕಡೆಯವರು ಧ್ವಜ ಸಭೆ ಮಾಡಿ, ಕಾಗದಕ್ಕೆ ಸಹಿ ಹಾಕಿ, ಕೈಯಿಂದ ಕೈಗೆ ಒಪ್ಪಿಸುತ್ತಾರೆ.

ಅಮೆರಿಕದಲ್ಲೂ ಹಾಗೆಯೇ. ವಾರಂಟ್ ಇಲ್ಲದೆ ಹಿಡಿದರೆ, ಹಿಡಿದ ಅಧಿಕಾರಿ ಬಿಟ್ಟು ಬೇರೆ ಅಧಿಕಾರಿ ವಿಚಾರಣೆ ಮಾಡಬೇಕು. ಬೇರೆಯವರು ಅಲ್ಲಿ ಸಿಗದೇ ಹೋದಾಗ ಮಾತ್ರ ಅದಕ್ಕೆ ವಿನಾಯಿತಿ. 48 ಗಂಟೆಯೊಳಗೆ ಇಟ್ಟುಕೊಳ್ಳಬೇಕಾ ಬಿಡಬೇಕಾ, ಕೋರ್ಟಿಗೆ ಕರೆಯುವ ನೋಟಿಸ್ ಕೊಡಬೇಕಾ ಅಂತ ತೀರ್ಮಾನ ಆಗಬೇಕು, ತುರ್ತು ಪರಿಸ್ಥಿತಿ ಬಿಟ್ಟರೆ. ಗಸ್ತಿನವರಿಗೆ ಗಡಿಯಿಂದ 100 ಮೈಲಿ ಒಳಗೆ ವಾಹನ ನಿಲ್ಲಿಸಿ ನೋಡುವ ಅಧಿಕಾರ ಇದೆ. 100 ಮೈಲಿ ಅಂದರೆ 160 ಕಿಲೋಮೀಟರ್. ಕಲಬುರಗಿಯಲ್ಲಿ ಗಡಿ ಇದೆ ಅಂದುಕೊಂಡರೆ ಬೀದರ್ ಕೂಡ ಅದರೊಳಗೇ ಬರುತ್ತದೆ, ಅಷ್ಟು ದೂರ. ಖಾಸಗಿ ಜಮೀನಿಗೆ ಕಾಲಿಡುವ ಅಧಿಕಾರ 25 ಮೈಲಿ ಒಳಗೆ ಮಾತ್ರ, ಅದರಲ್ಲೂ ವಾಸದ ಮನೆ ಸೇರಿಲ್ಲ. ಇನ್ನು ಅವರು ತೋರಿಸುವ ವಾರಂಟಿನಲ್ಲೂ ಎರಡು ಥರ. ಒಂದಕ್ಕೆ ನ್ಯಾಯಾಧೀಶರ ಸಹಿ ಇರುತ್ತದೆ. ಇನ್ನೊಂದು ಇಲಾಖೆಯದೇ, ಐ-200 ಅಂತ, ಅದರಲ್ಲಿ ಇಲಾಖೆಯ ಅಧಿಕಾರಿಯ ಸಹಿ ಇರುತ್ತದೆ. ನೋಡಲು ಎರಡೂ ಒಂದೇ ಥರ ಕಾಣುತ್ತವೆ. ಮೇಲಿನ ಶಿರೋನಾಮೆ, ಕೆಳಗಿನ ಸಹಿ, ಇವೆರಡನ್ನು ಓದಿದರೆ ಗೊತ್ತಾಗುತ್ತದೆ.

ನೋಟಿಸ್ ಅಂದೆನಲ್ಲ, ಅದರ ಬಗ್ಗೆ ಒಂದು ಕೇಸು ಹೇಳಲೇಬೇಕು, ವಕೀಲನಾದ ನನಗೆ ಅದು ತುಂಬಾ ಇಷ್ಟ. ಅಮೆರಿಕದ ಕಾನೂನಿನಲ್ಲಿ, ದೇಶ ಬಿಡಿಸುವ ವಿಚಾರಣೆಗೆ ಕರೆಯುವ ನೋಟಿಸಿನಲ್ಲಿ ಆರೋಪ, ದಿನ, ಸಮಯ, ಜಾಗ ಎಲ್ಲಾ ಇರಬೇಕು. ಅಂಥ ನೋಟಿಸ್ ಕೈಗೆ ಬಂದ ದಿನಕ್ಕೆ, ಆ ಮನುಷ್ಯ ಆ ದೇಶದಲ್ಲಿ ಇದ್ದ ವರ್ಷಗಳ ಲೆಕ್ಕ ನಿಲ್ಲುತ್ತದೆ. ಹತ್ತು ವರ್ಷ ತುಂಬಿದ್ದರೆ ಕೆಲವರಿಗೆ ಉಳಿಯಲು ಕೇಳುವ ಅವಕಾಶ ಇರುವುದರಿಂದ ಈ ಲೆಕ್ಕ ಜೀವನ್ಮರಣದ ಲೆಕ್ಕ. ಅಲ್ಲಿಯ ಸರ್ಕಾರ ಏನು ಮಾಡುತ್ತಿತ್ತು ಅಂದರೆ, ಆರೋಪ ಒಂದು ಕಾಗದದಲ್ಲಿ ಕಳಿಸಿ, ದಿನ ಮತ್ತು ಜಾಗವನ್ನು ಆಮೇಲೆ ಇನ್ನೊಂದು ಕಾಗದದಲ್ಲಿ ಕಳಿಸುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಹೇಳಿತು: ಕಾನೂನಿನ ಇಂಗ್ಲಿಷಿನಲ್ಲಿ "ಎ ನೋಟಿಸ್", ಅಂದರೆ "ಒಂದು ನೋಟಿಸ್" ಅಂತ ಇದೆ, ಒಂದು ಅಂದರೆ ಒಂದೇ. ಎರಡು ತುಂಡು ಕಾಗದ ಕೂಡಿಸಿದರೆ ಅದು ಆಗುವುದಿಲ್ಲ. ಆರು ನ್ಯಾಯಾಧೀಶರು ಒಂದು ಕಡೆ, ಮೂವರು ಇನ್ನೊಂದು ಕಡೆ. ಒಂದು ಅಕ್ಷರದ ಮೇಲೆ ಎಷ್ಟೋ ಜನರ ಬದುಕು ನಿಂತಿತ್ತು. ಯಾರೋ ಒಬ್ಬರು ತಮ್ಮ ಕೈಗೆ ಬಂದ ಎರಡು ಕಾಗದವನ್ನು ಎಸೆಯದೆ ಇಟ್ಟುಕೊಂಡು, ಸರಿಯಾಗಿ ಓದಿದ್ದರಿಂದಲೇ ಇದು ಅಲ್ಲಿಯ ತನಕ ಹೋಯಿತು.

ಇಷ್ಟು ಹೇಳುವಾಗ ಮುಂದಿನ ಸಾಲಿನಲ್ಲಿದ್ದ ಒಬ್ಬ ತಾಯಿ ಎದ್ದು ನಿಂತರು. "ಅಣ್ಣಾರ, ನನ್ನ ಮಗಳು ಆಗಸ್ಟ್‌ದಾಗ ಹೊಂಟಾಳ. ಫೋನ್ ಕಸಗೊಂಡು ನೋಡ್ತಾರಂತ ಖರೆ ಏನ್ರಿ?" ಅಂತ ಕೇಳಿದರು.

ಖರೆ, ಅಕ್ಕಾ. ಅಮೆರಿಕದ ಕೌಂಟರಿನಲ್ಲಿ ಫೋನ್ ನೋಡುವ ಅಧಿಕಾರ ಅವರಿಗಿದೆ. ಇದಕ್ಕೆ 2018ರ ಜನವರಿಯ ಒಂದು ನಿರ್ದೇಶನ ಇದೆ. ಅಧಿಕಾರಿ ಕೈಯಲ್ಲಿ ಹಿಡಿದು ತೆರೆದು ನೋಡುವುದು ಒಂದು ಥರ, ಅದಕ್ಕೆ ಅನುಮಾನದ ಕಾರಣ ಬೇಕಿಲ್ಲ. ಯಂತ್ರಕ್ಕೆ ಜೋಡಿಸಿ ಒಳಗಿರುವುದನ್ನೆಲ್ಲ ಇಳಿಸಿಕೊಳ್ಳುವುದು ಇನ್ನೊಂದು ಥರ. ಅದಕ್ಕೆ ದೇಶದ ಭದ್ರತೆಯ ವಿಷಯವಾದರೂ ಇರಬೇಕು, ಇಲ್ಲವೇ ಗಟ್ಟಿ ಅನುಮಾನ ಇರಬೇಕು, ಜೊತೆಗೆ ಮೇಲಧಿಕಾರಿಯ ಒಪ್ಪಿಗೆ ಬೇಕು. ಪಾಸ್‌ವರ್ಡ್ ಕೊಡುವುದಿಲ್ಲ ಅಂದರೆ ಆ ದೇಶದವರಲ್ಲದವರಿಗೆ ಒಳಗೆ ಬಿಡದೇ ಇರಬಹುದು, ಅದನ್ನು ತಿಳಿದುಕೊಂಡೇ ಹೋಗಬೇಕು. ಫೋನ್ ಇಟ್ಟುಕೊಂಡರೆ ರಸೀದಿ ಕೊಡಬೇಕು, 6051ಡಿ ಅಂತ ಅದರ ನಂಬರು. ಸಾಮಾನ್ಯವಾಗಿ ಐದು ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು. ಮಗಳಿಗೆ ಹೇಳಿ, ರಸೀದಿ ಕೇಳಿ ಪಡಿ ಅಂತ. ವಿನಯವಾಗಿ ಕೇಳಿದರೆ ಯಾರೂ ಬೈಯುವುದಿಲ್ಲ. ಒಳಗೆ ಬಿಟ್ಟ ಮೇಲೆ, ಆ ರಾತ್ರಿಯೇ, ಐ-94 ಅನ್ನುವ, ದೇಶದೊಳಗೆ ಬಂದದ್ದರ ದಾಖಲೆಯನ್ನು ಅವರ ವೆಬ್‌ಸೈಟಿನಲ್ಲಿ ತೆಗೆದು ನೋಡಬೇಕು. ಹೆಸರು, ಪಾಸ್‌ಪೋರ್ಟ್ ನಂಬರು, ಯಾವ ವೀಸಾ, ಎಷ್ಟು ದಿನ ಅಂತ ಅದರಲ್ಲಿ ಇರುತ್ತದೆ. ಒಂದು ಅಕ್ಷರ ತಪ್ಪಿದ್ದರೂ ಮೊದಲ ವಾರದಲ್ಲೇ ಸರಿ ಮಾಡಿಸಿಕೊಳ್ಳಬೇಕು. ನಮ್ಮ ಕಡೆ ಅಪ್ಪನ ಹೆಸರು, ಊರಿನ ಹೆಸರು, ಮನೆತನದ ಹೆಸರು ಎಲ್ಲಾ ಹಿಂದೆ ಮುಂದೆ ಆಗಿ ಪಾಸ್‌ಪೋರ್ಟಿನಲ್ಲೇ ಗೊಂದಲ ಇರುತ್ತದೆ, ಅದಕ್ಕೆ ಹೇಳಿದೆ.

ಅಮೆರಿಕಕ್ಕೆ ಹೋಗುವವರು ನಮ್ಮಲ್ಲಿ ಕಡಿಮೆ. ಕಲಬುರಗಿ, ಬೀದರ್, ಹುಮನಾಬಾದ್, ಬಸವಕಲ್ಯಾಣದಿಂದ ಹೋಗುವವರಲ್ಲಿ ಜಾಸ್ತಿ ಜನ ಸೌದಿ, ದುಬೈ, ಮಸ್ಕತ್, ಕತಾರ್‌ಗೆ ಹೋಗುತ್ತಾರೆ. ಹೈದರಾಬಾದಿಗೆ ಹೋಗಿ ಶಂಷಾಬಾದಿನಲ್ಲಿ ವಿಮಾನ ಹತ್ತುತ್ತಾರೆ. ಈ ದಾರಿಯ ಮಾತುಗಳು ಬೇರೆ: ಇಕಾಮಾ ಅಂದರೆ ಅಲ್ಲಿ ಇರಲು ಕೊಡುವ ಪರವಾನಗಿ, ಕಫೀಲ್ ಅಂದರೆ ಹೊಣೆ ಹೊತ್ತು ಕರೆಸಿಕೊಂಡ ಮಾಲೀಕ, ಹುರೂಬ್ ಅಂದರೆ ಕೆಲಸ ಬಿಟ್ಟು ಓಡಿಹೋದ ಅಂತ ಮಾಲೀಕ ಕೊಡುವ ದೂರು, ತರ್ಹೀಲ್ ಅಂದರೆ ದೇಶದಿಂದ ಹೊರಗೆ ಕಳಿಸುವುದು, ಆಮೇಲೆ ಔಟ್‌ಪಾಸ್, ಅದನ್ನು ಮುಂದೆ ಹೇಳುತ್ತೇನೆ. ಅಲ್ಲಿದ್ದು ಬಂದವರ ಮನೆಯಲ್ಲಿ ಮಕ್ಕಳಿಗೂ ಇವು ಗೊತ್ತು.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕು, ಅಂತ ಇರುತ್ತದೆ. 1983ರ ವಲಸೆ ಕಾಯ್ದೆಯ ಪ್ರಕಾರ ಅಂಥವರು 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ವಲಸಿಗರ ಸಂರಕ್ಷಕರ ಕಚೇರಿಯಿಂದ ಅನುಮತಿ ಬೇಕು. ಬೆಂಗಳೂರಿನಲ್ಲಿ ಆ ಕಚೇರಿ ಇದೆ, ಈಗ ಇ-ಮೈಗ್ರೇಟ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲೇ ನಡೆಯುತ್ತದೆ. ಕೆಲಸದ ವೀಸಾ ಇದ್ದು ಆ ಅನುಮತಿ ಇಲ್ಲದಿದ್ದರೆ ಶಂಷಾಬಾದಿನ ಕೌಂಟರಿನಲ್ಲೇ ತಡೆದು ಹಿಂದಕ್ಕೆ ಕಳಿಸುತ್ತಾರೆ. ಆಗ ಜನ ಅಧಿಕಾರಿಗೆ ಶಾಪ ಹಾಕುತ್ತಾರೆ. ಆದರೆ ಅವನು ತಡೆಯುವುದು ನಿಮ್ಮ ಸಲುವಾಗಿಯೇ. ಆ ಅನುಮತಿಯ ಜೊತೆ ಕೆಲಸದ ಕರಾರು ದಾಖಲಾಗುತ್ತದೆ, 10 ಲಕ್ಷದ ವಿಮೆ ಬರುತ್ತದೆ, ಎರಡು ವರ್ಷಕ್ಕೆ ಕಂತು 275 ರೂಪಾಯಿ. ನೋಂದಾಯಿತ ಏಜೆಂಟರು 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಸಭೆಯಲ್ಲಿ ಈ ಮಾತು ಹೇಳಿದಾಗ ಹಿಂದಿನಿಂದ ಒಬ್ಬರು "ನನ್ನ ಕಡೆ ಒಂದೂವರೆ ಲಕ್ಷ ತಗೊಂಡ್ರು" ಅಂದರು. ಯಾರೂ ನಗಲಿಲ್ಲ. ನಾಲ್ಕೈದು ಜನ ತಲೆ ಆಡಿಸಿದರು.

ಈ ಅನುಮತಿಯ ತಾಪತ್ರಯ ಬೇಡ ಅಂತ ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಕೊಡ್ತಾರೆ ಅಂತಾರೆ. ಮಾಡಿಕೊಡದಿದ್ದರೆ? ನನ್ನ ಸೋದರಮಾವನ ಮಗ ಗಾರೆ ಕೆಲಸದವನು, ಹಾಗೇ ಹೋದವನು. ವೀಸಾ ಮುಗಿಯಿತು, ಕೆಲಸ ಕೊಟ್ಟವನು ಪಾಸ್‌ಪೋರ್ಟ್ ಇಟ್ಟುಕೊಂಡ. ಇವನು ಅಲ್ಲಿಂದ ಬಿಟ್ಟು ಬಂದು ಇನ್ನೊಂದು ಕಡೆ ದುಡಿದ. ಹೀಗೇ ಎರಡು ವರ್ಷ. ಹಬ್ಬಕ್ಕೆ ಫೋನ್ ಮಾಡಿದರೆ ಎಲ್ಲಾ ಛೊಲೊ ಅದ ಅನ್ನುತ್ತಿದ್ದ. ಕೊನೆಗೆ ಊರಿಗೆ ಬಂದಾಗ ಅವನ ಕೈಯಲ್ಲಿ ಪಾಸ್‌ಪೋರ್ಟ್ ಇರಲಿಲ್ಲ. ರಾಯಭಾರ ಕಚೇರಿ ಕೊಟ್ಟ ತುರ್ತು ಪ್ರಮಾಣಪತ್ರ ಇತ್ತು, ಒಂದೇ ಸಲ ಊರಿಗೆ ಬರಲು ಮಾತ್ರ ಆಗುವಂಥದ್ದು. ಅವರೆಲ್ಲ ಔಟ್‌ಪಾಸ್ ಅನ್ನುವುದು ಇದಕ್ಕೇ. ಅದರ ಮೇಲೆ ಅಂಟಿಸಿದ್ದ ಫೋಟೋದಲ್ಲಿ ಅವನು ನನಗೆ ಗುರುತೇ ಸಿಗಲಿಲ್ಲ, ಅಷ್ಟು ಸೊರಗಿದ್ದ. ಅತ್ತೆ ಆ ಕಾಗದವನ್ನು ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾರೆ.

ಅಂಥ ಸ್ಥಿತಿಯಲ್ಲಿ ಇರುವವರ ಮನೆಯವರು ಇಲ್ಲಿಂದಲೇ ಮಾಡಬಹುದಾದದ್ದು ಇದೆ. 2015ರಿಂದ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್ ಇದೆ, ಅದರಲ್ಲಿ ದೂರು ಹಾಕಿದರೆ ಅದಕ್ಕೊಂದು ನಂಬರು ಸಿಗುತ್ತದೆ, ಎಲ್ಲಿಗೆ ಬಂತು ಅಂತ ನೋಡಬಹುದು. ಕೆಲವು ದೇಶಗಳು ಆಗಾಗ ದಂಡ ಮನ್ನಾ ಮಾಡಿ, ಅವಧಿ ಮೀರಿದವರು ಕೇಸಿಲ್ಲದೆ ಹೊರಡಲು ಅವಕಾಶ ಕೊಡುತ್ತವೆ. ಸೌದಿ 2017ರಲ್ಲಿ ಕೊಟ್ಟಿತ್ತು, ಯುಎಇ 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್ ತನಕ ಕೊಟ್ಟಿತ್ತು. ಅಂಥ ಸುದ್ದಿ ಬಂದಾಗ ಮೊದಲ ವಾರದಲ್ಲೇ ಹೋಗಿ ಅಂತ ಹೇಳಿ, ಕೊನೆಯ ವಾರ ಸಾಲು ಕಿಲೋಮೀಟರ್‌ಗಟ್ಟಲೆ ಇರುತ್ತದೆ.

ಓದದೆ ಸಹಿ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಾವು ದೂರ ಹೋಗಬೇಕಿಲ್ಲ. ನಮ್ಮದೇ ಜಿಲ್ಲೆಯ ಯುವಕರು ಕೆಲಸಕ್ಕೆ ಅಂತ ರಷ್ಯಾಕ್ಕೆ ಹೋಗಿ, ತಮಗೆ ಬಾರದ ಭಾಷೆಯ ಕರಾರಿಗೆ ಸಹಿ ಹಾಕಿ, ಯುದ್ಧದ ಜಾಗದಲ್ಲಿ ಸಿಕ್ಕಿಕೊಂಡಿದ್ದು 2024ರಲ್ಲಿ ಪತ್ರಿಕೆಗಳಲ್ಲಿ ಬಂತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವರು ಊರಿಗೆ ಬಂದರು. ಆ ತಿಂಗಳುಗಳಲ್ಲಿ ಅವರ ಮನೆಗಳಲ್ಲಿ ಒಲೆ ಹೇಗೆ ಹೊತ್ತಿತೋ ಅಂತ ನಾನು ಈಗಲೂ ಯೋಚಿಸುತ್ತೇನೆ.

ಹೊರದೇಶದಲ್ಲಿ ಯಾರೇ ಹಿಡಿದರೂ ಒಂದು ಮಾತು ಬಾಯಿಪಾಠ ಇರಲಿ: "ನಮ್ಮ ದೇಶದ ರಾಯಭಾರ ಕಚೇರಿಗೆ ತಿಳಿಸಿ." ಇದು ಬೇಡಿಕೊಳ್ಳುವ ಮಾತಲ್ಲ, ಹಕ್ಕಿನ ಮಾತು. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಪ್ರಕಾರ, ಹಿಡಿದ ಅಧಿಕಾರಿ ಈ ಹಕ್ಕು ಇದೆ ಅಂತ ತಡ ಮಾಡದೆ ಹೇಳಬೇಕು. ಪಾಕಿಸ್ತಾನ ಹಿಡಿದಿಟ್ಟ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಭಾರತ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಿ ಗೆದ್ದದ್ದು ಇದೇ ವಿಧಿಯ ಮೇಲೆ, 2019ರ ಜುಲೈ 17ರಂದು. ಭಾರತ, ಪಾಕಿಸ್ತಾನ ಎಷ್ಟೇ ಜಗಳ ಆಡಲಿ, 2008ರ ಒಪ್ಪಂದದ ಪ್ರಕಾರ ಪ್ರತಿ ಜನವರಿ 1 ಮತ್ತು ಜುಲೈ 1ಕ್ಕೆ ತಮ್ಮ ಜೈಲಿನಲ್ಲಿರುವ ಆ ಕಡೆಯ ಕೈದಿಗಳ, ಮೀನುಗಾರರ ಪಟ್ಟಿ ಕೊಟ್ಟುಕೊಳ್ಳುತ್ತವೆ. ಪಟ್ಟಿಯಲ್ಲಿ ಹೆಸರು ಇದೆ ಅಂದರೆ ಆ ಮನುಷ್ಯ ಬದುಕಿದ್ದಾನೆ ಅಂತ ಮನೆಯವರಿಗೆ ಗೊತ್ತಾಗುತ್ತದೆ.

ಆಮೇಲೆ ಒಬ್ಬ ಕಾಲೇಜು ಹುಡುಗ ಕೇಳಿದ ಪ್ರಶ್ನೆಗೆ ನಾನು ಜಾಸ್ತಿ ಹೊತ್ತು ತೆಗೆದುಕೊಂಡೆ. "ಸರ್, ನಮ್ಮೂರಿಗೇ ಬಂದು ಕಳ್ಳತನದಿಂದ ಇರೋರ ಕಥಿ ಏನ್ರಿ? ಅವರಿಗೂ ಇಷ್ಟೆಲ್ಲ ಕಾಗದ ಯಾಕ?"

ಪ್ರಶ್ನೆ ಸರಿಯಾಗಿದೆ. ಕಾನೂನು ಇದೆ, ಗಟ್ಟಿಯಾಗಿಯೇ ಇದೆ. 1920, 1939, 1946, 2000ದ ನಾಲ್ಕು ಹಳೆಯ ಕಾಯ್ದೆಗಳನ್ನು ತೆಗೆದು, ವಲಸೆ ಮತ್ತು ವಿದೇಶಿಯರ ಕಾಯ್ದೆ 2025 ಬಂದಿದೆ, ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿ. ಪಾಸ್‌ಪೋರ್ಟ್, ವೀಸಾ ಇಲ್ಲದೆ ಬಂದರೆ ಐದು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ನಕಲಿ ಪಾಸ್‌ಪೋರ್ಟ್ ಆದರೆ ಕನಿಷ್ಠ ಎರಡು ವರ್ಷ, ಏಳು ವರ್ಷದ ತನಕ ಹೋಗಬಹುದು. ಹೆಡ್ ಕಾನ್‌ಸ್ಟೆಬಲ್ ಮತ್ತು ಮೇಲಿನವರು ವಾರಂಟ್ ಇಲ್ಲದೆ ಹಿಡಿಯಬಹುದು. ವಿದೇಶಿಯರು ಬಂದು ತಂಗಿದರೆ ಲಾಡ್ಜಿನವರು 24 ಗಂಟೆಯೊಳಗೆ ತಿಳಿಸಬೇಕು. ಹಾಗೆ ತಿಳಿಸುವ ಫಾರಂಗೆ ಜನ ಇನ್ನೂ ಸಿ ಫಾರಂ ಅಂತಲೇ ಕರೆಯುತ್ತಾರೆ. ವಿಶ್ವವಿದ್ಯಾಲಯ, ಆಸ್ಪತ್ರೆಗಳಿಗೂ ತಿಳಿಸುವ ಜವಾಬ್ದಾರಿ ಇದೆ. ನಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡುವ ಹೊಣೆ ಆ ಮನುಷ್ಯನ ಮೇಲೇ ಇದೆ, ಹಳೆಯ ಕಾಯ್ದೆಯಲ್ಲೂ ಹೀಗೇ ಇತ್ತು.

ಆದರೆ ತಮ್ಮಾ, ಹೊಣೆ ಅವನ ಮೇಲೆ ಇದ್ದಾಗಲೇ ಕಾಗದದ ಕೆಲಸ ಇನ್ನೂ ಸರಿಯಾಗಿ ಆಗಬೇಕು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಸ್ಸಾಂನ ಒಂದು ಪ್ರಕರಣದಲ್ಲಿ ಹೇಳಿತು: ಸುಮ್ನೆ ಯಾರನ್ನೋ ಆರಿಸಿಕೊಂಡು ನೀನು ಈ ದೇಶದವನು ಅಂತ ಸಾಬೀತು ಮಾಡು ಅನ್ನುವ ಹಾಗಿಲ್ಲ. ಮೊದಲು ಅಧಿಕಾರಿಯ ಕೈಯಲ್ಲಿ ಅನುಮಾನಕ್ಕೆ ಏನಾದರೂ ಆಧಾರ ಇರಬೇಕು, ಆ ಆಧಾರವನ್ನು ಅವನಿಗೂ ಕೊಡಬೇಕು. 2025ರ ಸೆಪ್ಟೆಂಬರ್‌ನಲ್ಲಿ ಕಲ್ಕತ್ತಾ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಬಾಂಗ್ಲಾದೇಶಕ್ಕೆ ಕಳಿಸಿಬಿಟ್ಟವರನ್ನು ನಾಲ್ಕು ವಾರದಲ್ಲಿ ವಾಪಸ್ ಕರೆತನ್ನಿ ಅಂತ ಆದೇಶ ಮಾಡಿತು, ಯಾಕೆಂದರೆ ವಿಚಾರಣೆ ಸರಿಯಾಗಿ ಮಾಡದೆ ತರಾತುರಿಯಲ್ಲಿ ಕಳಿಸಿದ್ದರು. ಸಂವಿಧಾನದ 21ನೇ ವಿಧಿಯಲ್ಲಿ "ವ್ಯಕ್ತಿ" ಅಂತ ಇದೆ, ನಾಗರಿಕ ಅಂತ ಇಲ್ಲ. ಅರುಣಾಚಲದಲ್ಲಿ ನೆಲೆಸಿದ ನಿರಾಶ್ರಿತ ಚಕ್ಮಾ ಜನರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ.

ನಾನು ಕಣ್ಣಾರೆ ನೋಡಿದ್ದು ಒಂದು ಹೇಳಿದೆ. ನಮ್ಮ ಓಣಿಯ ಹಿಂದೆ ಕಟ್ಟುತ್ತಿದ್ದ ಮನೆಗೆ ಟೈಲ್ಸ್ ಕೂರಿಸಲು ಮೂವರು ಬಂದಿದ್ದರು, ಪಶ್ಚಿಮ ಬಂಗಾಳದ ಮಾಲ್ದಾ ಕಡೆಯವರು, ಬಂಗಾಳಿ ಮಾತಾಡುತ್ತಿದ್ದರು. ಇವರು ಬಾಂಗ್ಲಾದೇಶದವರು ಅಂತ ಯಾರೋ ದೂರು ಕೊಟ್ಟರು. ವಿಚಾರಣೆಗೆ ಬಂದವರು ಆಧಾರ್ ನೋಡಿ "ಇದು ಯಾರ ಬೇಕಾದ್ರೂ ಮಾಡಿಸ್ತಾರ" ಅಂದರು. ಮೂವರಲ್ಲಿ ಚಿಕ್ಕವನು ಕೈಯಲ್ಲಿದ್ದ ಸಿಮೆಂಟು ತೊಳೆಯದೇ ನಿಂತಿದ್ದ, ಅದು ಬೆರಳ ಮೇಲೆ ಒಣಗಿ ಬಿರಿಯುತ್ತಿತ್ತು. ನಾನು ಮಧ್ಯೆ ಹೋಗಿ ಕೇಳಿದ್ದು ಎರಡೇ ಮಾತು. ಕರೆದುಕೊಂಡು ಹೋಗುವುದಾದರೆ ಬರೆದು ಕೊಡಿ. ಅವರ ಊರಿನ ಪಂಚಾಯಿತಿಗೆ, ಠಾಣೆಗೆ ವಿಚಾರಿಸಿ. ವಿಚಾರಿಸಿದರು. ಎರಡು ದಿನಕ್ಕೆ ಅವನ ಅಜ್ಜನ ಜಮೀನಿನ ಕಾಗದ, ಶಾಲೆಯ ದಾಖಲೆ ಎಲ್ಲಾ ಫೋನಿಗೆ ಬಂತು. ವಿಚಾರಣೆಗೆ ಬಂದ ಆ ಹಿರಿಯ ಪೊಲೀಸರೇ ಆಮೇಲೆ ಅವನಿಗೆ ಚಹಾ ಕೊಡಿಸಿದರು. ಒಂದು ವೇಳೆ ಅವನು ನಿಜವಾಗಿ ಆ ಕಡೆಯವನೇ ಆಗಿದ್ದರೂ ನಾನು ಅದೇ ಎರಡು ಮಾತು ಕೇಳುತ್ತಿದ್ದೆ. ನಮ್ಮ ಹುಡುಗನಿಗೆ ಅಲ್ಲಿಯ ಕೌಂಟರಿನಲ್ಲಿ ಓದಿ ಹೇಳಬೇಕು, ಪ್ರತಿ ಕೊಡಬೇಕು ಅಂತ ಬಯಸುವ ನಾವು, ಇಲ್ಲಿ ಬಂದು ನಿಂತವನಿಗೆ ಅದು ಬೇಡ ಅಂತ ಯಾವ ಬಾಯಿಂದ ಹೇಳುವುದು? 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ ನಮ್ಮ 104 ಜನರನ್ನು ಅಮೃತಸರಕ್ಕೆ ತಂದು ಇಳಿಸಿತು. ಕೈಗೆ ಬೇಡಿ ಹಾಕಿ ಕರೆತಂದರು ಅಂತ ಕೇಳಿ ನಮಗೆಲ್ಲ ಹೊಟ್ಟೆ ಉರಿಯಿತು. ಆ ಉರಿ ಸುಳ್ಳಲ್ಲ, ಇಲ್ಲೂ ಅದು ನೆನಪಿರಬೇಕು.

ಆ ಹುಡುಗ ಒಪ್ಪಿದನೋ ಇಲ್ಲವೋ ಗೊತ್ತಿಲ್ಲ. ಕೂತು ಕೇಳಿದ. ಅದೇ ಸಾಕು ಅನ್ನಿಸಿತು.

ಮಾತು ಮುಗಿದಾಗ ಎಂಟೂವರೆ. ಜನ ಹೋದ ಮೇಲೆ, ಒಂದೂವರೆ ಲಕ್ಷ ಕೊಟ್ಟೆ ಅಂದರಲ್ಲ, ಆ ಮನುಷ್ಯ ಬಾಗಿಲ ಹತ್ತಿರ ನಿಂತಿದ್ದರು. ಈ ಸಲ ತಮ್ಮನನ್ನು ಕಳಿಸುತ್ತಿದ್ದಾರಂತೆ, ಕತಾರಿಗೆ, ಬರುವ ವಾರವೇ ವಿಮಾನ. ಪ್ಲಾಸ್ಟಿಕ್ ಚೀಲದಿಂದ ಪಾಸ್‌ಪೋರ್ಟ್, ಟಿಕೆಟ್, ಒಂದು ಕಡೆ ಅರೇಬಿಕ್ ಇನ್ನೊಂದು ಕಡೆ ಇಂಗ್ಲಿಷ್ ಇದ್ದ ಕರಾರು ಪತ್ರ ತೆಗೆದರು. ತಮ್ಮ ಆಗಲೇ ಕೆಳಗೆ ಸಹಿ ಹಾಕಿಬಿಟ್ಟಿದ್ದ. "ಇನ್ನಾ ಕೊಟ್ಟಿಲ್ರಿ ಸಾಹೇಬ್ರ, ನಾಳಿ ಮುಂಜಾನಿ ಏಜೆಂಟ್ ಬರ್ತಾನ" ಅಂದರು. ಕಾವಲುಗಾರ ಬೀಗ ಹಿಡಿದುಕೊಂಡು ಕಾಯುತ್ತಿದ್ದ. ಹತ್ತು ನಿಮಿಷ ಕೊಡಪ್ಪಾ ಅಂದೆ. ಅವನು ಆರಿಸಿದ್ದ ಒಂದು ದೀಪ ಮತ್ತೆ ಹಾಕಿದ. ನಾವು ಮೆಟ್ಟಿಲ ಮೇಲೆ ಕೂತು ಮೊದಲ ಸಾಲಿನಿಂದ ಓದಲು ಶುರು ಮಾಡಿದೆವು. ಸಂಬಳದ ಸಾಲಿಗೆ ಬರುವಷ್ಟರಲ್ಲಿ ಕಾವಲುಗಾರನೂ ಬಂದು ಪಕ್ಕದಲ್ಲಿ ಕೂತ. ಅವನ ಅಳಿಯನೂ ಅಲ್ಲೇ ಇದ್ದಾನಂತೆ.